ಬಿಳಿ ಮುಚ್ಚಳದ ಸೀಸೆ

ಮಿಣುಕಕ್ಕನ ಮುತ್ತಜ್ಜ ಬಾವಿ ತೋಡುವವನು. ನಮ್ಮ ಊರಿನ ಹಳೆಯ ಬಾವಿಗಳಲ್ಲಿ ಅರ್ಧಕ್ಕರ್ಧ ಅವನ ಗುದ್ದಲಿಗೆ ಬಾಯಿ ಬಿಟ್ಟವು. ಬಂಡೆ ಅಡ್ಡ ಬಂದರೆ ಅವನು ಸಿಟ್ಟಾಗುತ್ತಿರಲಿಲ್ಲವಂತೆ. ಅದರ ಮೇಲೆಯೇ ಕೂತು, ಬುತ್ತಿ ಬಿಚ್ಚಿ ಉಂಡು, ಕೈ ತೊಳೆದು, ಆಮೇಲೆ ನಿಧಾನವಾಗಿ ಅದರ ಯೋಗಕ್ಷೇಮ ವಿಚಾರಿಸಿಕೊಳ್ಳುತ್ತಿದ್ದನಂತೆ.

ಅವನ ಮಗ, ಅಂದರೆ ಇವಳ ಅಜ್ಜ, ಬಾವಿಯ ಹೂಳು ತೆಗೆಯುವವನು. ಬಹಳ ದಿನ ಮುಚ್ಚಿದ್ದ ಬಾವಿಯ ತಳದಲ್ಲಿ ಕೆಟ್ಟ ಗಾಳಿ ಮಡುಗಟ್ಟಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಇಳಿದವನು ನಿದ್ದೆ ಬಂದವನ ಹಾಗೆ ಕೂತು, ಕೂತಲ್ಲೇ ಮುಗಿದುಹೋಗುತ್ತಾನೆ. ಅದಕ್ಕೆ ಅಜ್ಜ ಮೊದಲು ಒಂದು ಕೋಳಿಯನ್ನು ಬುಟ್ಟಿಯಲ್ಲಿ ಇಳಿಬಿಡುತ್ತಿದ್ದ. ಇದನ್ನು ಬೇರೆಯವರೂ ಮಾಡುತ್ತಿದ್ದರು, ದೊಡ್ಡ ವಿದ್ಯೆಯೇನಲ್ಲ. ಈ ಮನೆಯವರ ಹೆಚ್ಚುಗಾರಿಕೆ ಎಂದರೆ ಕೋಳಿಯ ಕಾಲಿಗೆ ಕಟ್ಟಿದ ಗೆಜ್ಜೆಯಷ್ಟು ಸಣ್ಣ ಗಂಟೆ. ಅಜ್ಜಿ ಕಟ್ಟೆಯ ಮೇಲೆ ಕಿವಿಯಾನಿಸಿ ಕೂರುತ್ತಿದ್ದಳು. ಗಂಟೆ ಆಡುತ್ತಿದ್ದರೆ ಕೋಳಿ ಬುಟ್ಟಿ ಕೆದಕುತ್ತಿದೆ ಎಂದು ಲೆಕ್ಕ. ಗಂಟೆ ನಿಂತರೆ ಯಾರೂ ಇಳಿಯುವ ಹಾಗಿಲ್ಲ.

ಒಮ್ಮೆ ಹೀಗೆ ಗಂಟೆ ನಿಂತಿತು. ಅಜ್ಜ, "ಬೆಳಗ್ಗೆಯಿಂದ ಹೊಟ್ಟೆ ಬಿರಿಯ ತಿಂದಿದೆ ಕಣೇ, ತೂಕಡಿಸ್ತಿರ್ಬೇಕು" ಎಂದು ಹಗ್ಗಕ್ಕೆ ಕೈ ಹಾಕಿದ. ಅಜ್ಜಿ ಅವನ ರಟ್ಟೆ ಹಿಡಿದು ಕೂರಿಸಿದಳು. "ತೂಕಡಿಸೋದಕ್ಕೂ ಸಾಯೋದಕ್ಕೂ ಇಲ್ಲಿಂದ ಒಂದೇ ಸದ್ದು. ಯಾವುದು ಅಂತ ಗೊತ್ತಾಗೋವರೆಗೆ ನೀನು ಅಲ್ಲಾಡಿದ್ರೆ ಕಾಲು ಮುರೀತೀನಿ." ಬುಟ್ಟಿ ಮೇಲೆಳೆದಾಗ ಕೋಳಿ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಗಾಳಿ ಬಡಿದ ಮೇಲೆ ಮೆಲ್ಲಗೆ ಕಣ್ಣು ಬಿಟ್ಟು, ಉಪಕಾರ ಮಾಡಿದ ಅಜ್ಜಿಯ ಕೈಗೇ ಕುಕ್ಕಿತಂತೆ. ಆ ಕೋಳಿಯನ್ನು ಆ ಮನೆಯಲ್ಲಿ ಯಾರೂ ಕೊಯ್ಯಲಿಲ್ಲ. ಮುದಿಯಾಗಿ, ಮನೆಯವರನ್ನೆಲ್ಲ ಗದರಿಸಿಕೊಂಡು ಬಾಳಿ, ತಾನಾಗಿ ಸತ್ತಿತು.

ಇವಳ ಅಪ್ಪನ ಕಾಲಕ್ಕೆ ಊರಿಗೆ ನಲ್ಲಿ ಬಂತು. ಅವನು ನೀರು ಸರಬರಾಜು ಕಚೇರಿಯಲ್ಲಿ ವಾಲ್ವ್ ತಿರುಗಿಸುವ ಕೆಲಸಕ್ಕೆ ಸೇರಿದ. ಆದರೂ ದೊಡ್ಡ ತೊಟ್ಟಿಯಲ್ಲಿ ತಾನೇ ತಂದ ಮೀನು ಬಿಟ್ಟಿರುತ್ತಿದ್ದ. ಬೆಳಗ್ಗೆ ಬಂದವನು ಮೊದಲು ಮೀನುಗಳ ಮುಖ ನೋಡಿ, ಆಮೇಲೆ ವಾಲ್ವಿಗೆ ಕೈ ಹಾಕುತ್ತಿದ್ದ. "ಯಾಕಯ್ಯಾ, ಅವುಗಳ ಅಪ್ಪಣೆ ಕೇಳ್ತೀಯ?" ಎಂದು ಮೇಲಿನವರು ನಗುತ್ತಿದ್ದರು. "ಹೌದು ಸಾರ್, ನಿಮಗಿಂತ ಅವು ಮುಂಚೆ ಬಂದಿರ್ತವೆ" ಎನ್ನುತ್ತಿದ್ದ. ಆ ಕಚೇರಿಯ ಪಂಪುಗಳ ಹೊಟ್ಟೆಯೊಳಗೆ ಕೈಯಾಡಿಸಿ ಬದುಕಿದವನು ನಾನು. ಈ ಮಾತನ್ನು ನನ್ನ ಕಿವಿಯಾರೆ ಕೇಳಿದ್ದೇನೆ.

ಇಂಥ ಮನೆಯ ಎರಡನೆಯ ಮಗಳು ಮಿಣುಕಕ್ಕ. ಎತ್ತರದ ಹೆಂಗಸು, ಸ್ವಲ್ಪ ಬಾಗಿದ ಹೆಗಲು, ಮಾತಿಗಿಂತ ಮುಂಚೆ ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸ. ಅಪ್ಪನ ನಂತರ ಅದೇ ಕಚೇರಿಯಲ್ಲಿ ಕೆಲಸಕ್ಕೆ ಸೇರಿದಳು. ಬೀದಿ ಬೀದಿ ಸುತ್ತಿ, ನಲ್ಲಿ, ಬಾವಿ, ಕೊಳವೆಬಾವಿಗಳ ನೀರನ್ನು ಬಾಟಲಿಗೆ ತುಂಬಿ, ಮುಚ್ಚಳಕ್ಕೆ ಚೀಟಿ ಅಂಟಿಸಿ, ಊರಾಚೆಯ ಲ್ಯಾಬಿಗೆ ತಲುಪಿಸಬೇಕು. ಅಲ್ಲಿಂದ ಉತ್ತರ ಬರುವಷ್ಟರಲ್ಲಿ ಆ ಬಾವಿಯ ನೀರನ್ನು ಜನ ಕುಡಿದು, ಸ್ನಾನ ಮಾಡಿ, ಬಟ್ಟೆ ಒಗೆದು, ಒಣಹಾಕಿ, ಮಡಚಿಟ್ಟೂ ಆಗಿರುತ್ತಿತ್ತು. ಇದು ಅವಳ ಹೊಟ್ಟೆಯಲ್ಲಿ ಕುದಿಯುತ್ತಿದ್ದ ಸಂಗತಿ.

ಅಂಥ ಹೊತ್ತಿಗೆ ಲ್ಯಾಬಿಗೆ ಹೊಸದಾಗಿ ಒಬ್ಬ ಮೇಡಂ ಬಂದರು. ಚಿಕ್ಕ ಪ್ರಾಯ, ಸದಾ ಗಡಿಬಿಡಿ, ಚಹಾ ಕುಡಿಯಲು ಮರೆತು ಆರಿದ ಲೋಟಗಳನ್ನು ಕಿಟಕಿಯಲ್ಲಿ ಸಾಲಾಗಿ ನಿಲ್ಲಿಸುವ ಜಾತಿ. ಅವರು ಸಾಕುತ್ತಿದ್ದದ್ದು ಬ್ಯಾಕ್ಟೀರಿಯಾ. ಅದೂ ಹುಟ್ಟಿದಂತೆಯೇ ಇರುವವಲ್ಲ, ತಿದ್ದಿದವು.

ಇದನ್ನು ನಾನು ಪುಸ್ತಕ ತಂದು ಓದಿ, ತಿಳಿಯದಿದ್ದಲ್ಲಿ ಮತ್ತೆ ಓದಿ, ಮೇಡಂ ಹತ್ತಿರ ಜಗಳವಾಡಿ ಅರ್ಥ ಮಾಡಿಕೊಂಡಿದ್ದೇನೆ. ಶಾಲೆ ನನಗೆ ದಕ್ಕಲಿಲ್ಲ ಎಂದ ಮಾತ್ರಕ್ಕೆ ವಿಷಯ ದಕ್ಕಬಾರದೆಂದು ಕಾನೂನಿಲ್ಲವಲ್ಲ. ಕೆಲವು ಬ್ಯಾಕ್ಟೀರಿಯಾಗಳಿಗೆ ವಿಷದ ಲೋಹ ಮೈ ಹೊಕ್ಕರೆ ಅದನ್ನು ಆಚೆಗೆ ನೂಕುವ ಉಪಾಯ ಗೊತ್ತು. ಆ ಉಪಾಯ ಅವುಗಳ ವಂಶವಾಹಿಯಲ್ಲಿ, ನಾವು ಜೀನ್ ಎನ್ನುವುದರಲ್ಲಿ, ಬರೆದಿಟ್ಟಿರುತ್ತದೆ. ಲೋಹ ಬಂದಾಗ ಮಾತ್ರ ಅದು ಎಚ್ಚರಗೊಳ್ಳುತ್ತದೆ, ಉಳಿದಂತೆ ಮಲಗಿರುತ್ತದೆ. ಇನ್ನೊಂದು ಜಾತಿಯ ಬ್ಯಾಕ್ಟೀರಿಯಾ ಮಣ್ಣಿನ ಕೂದಲೆಳೆಯಂಥ ಹುಳದ ಹೊಟ್ಟೆಯಲ್ಲಿ ಬಾಳುತ್ತದೆ. ಅದಕ್ಕೆ ಮಿನುಗುವ ಗುಣ. ಮೇಡಂ ಮಾಡಿದ್ದಿಷ್ಟು: ಮೊದಲನೆಯದರ ಎಚ್ಚರವನ್ನು ಎರಡನೆಯದರ ಬೆಳಕಿಗೆ ಗಂಟು ಹಾಕಿ, ಮೂರನೆಯ ಒಂದು ಸಾಧು ಬ್ಯಾಕ್ಟೀರಿಯಾದೊಳಗೆ ಇಟ್ಟರು. ಈಗ ಅದು ಕ್ಯಾಡ್ಮಿಯಂನಂಥ ಲೋಹ ಕಂಡರೆ ಮಿನುಗುತ್ತದೆ. ಕಾಣದಿದ್ದರೆ ಸುಮ್ಮನಿರುತ್ತದೆ.

ಮೇಡಂ ಇದನ್ನು ವಿವರಿಸಿದಾಗ ಮಿಣುಕಕ್ಕ ಗಂಟಲು ಸರಿಮಾಡಿಕೊಂಡು, "ಅಂದ್ರೆ ನಮ್ಮಜ್ಜನ ಕೋಳಿ" ಎಂದಳಂತೆ.

"ಕೋಳಿ ಅಲ್ಲ, ಬ್ಯಾಕ್ಟೀರಿಯಾ."

"ಇರ್ಲಿ ಮೇಡಂ. ಇದಕ್ಕೆ ಕಾಳು ಹಾಕೋ ಖರ್ಚಿಲ್ಲ."

ಹೀಗೆ ಆ ಕೆಲಸ ಇವಳ ಪಾಲಿಗೆ ಬಂತು. ಊರಿನ ಯಾವ ಬಾವಿ ಯಾರ ಹಿತ್ತಲಲ್ಲಿದೆ, ಯಾರ ಮನೆಯ ನಾಯಿ ಕಚ್ಚುತ್ತದೆ ಎಂಬುದೆಲ್ಲ ಇವಳಿಗೆ ಗೊತ್ತಿತ್ತು. ಲ್ಯಾಬಿನಿಂದ ಹೆಬ್ಬೆರಳಿನಷ್ಟು ದಪ್ಪದ ಗಾಜಿನ ಸೀಸೆಗಳು ಬರುತ್ತಿದ್ದವು. ಒಳಗೆ ಒಣಗಿಸಿದ ಬ್ಯಾಕ್ಟೀರಿಯಾ, ಜೊತೆಗೆ ಅವುಗಳ ತಿಂಡಿ. ಬಾವಿಯ ನೀರನ್ನು ಅದಕ್ಕೆ ಹಾಕಿ, ಮುಚ್ಚಳ ಬಿಗಿದು, ಮೈಯ ಬಿಸಿಯಷ್ಟು ಕಾವು ಕೊಡಬೇಕು. ಲ್ಯಾಬಿನಲ್ಲಾದರೆ ಅದಕ್ಕೆ ಪೆಟ್ಟಿಗೆಯಿದೆ. ಬೀದಿಯಲ್ಲಿ ಮಿಣುಕಕ್ಕನೇ ಪೆಟ್ಟಿಗೆ. ದಪ್ಪ ಬಟ್ಟೆಯಲ್ಲಿ ಸಣ್ಣ ಸಣ್ಣ ಕಿಸೆಗಳ ಪಟ್ಟಿಯೊಂದನ್ನು ಹೊಲಿದುಕೊಂಡು, ಸೀಸೆಗಳನ್ನು ಅದರಲ್ಲಿಟ್ಟು, ಹೊಟ್ಟೆಗೆ ಒತ್ತುವಂತೆ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದಳು. ಕಾವು ಹತ್ತುವವರೆಗೆ ಬಾವಿಕಟ್ಟೆಯ ಮೇಲೆ ಕೂತು ಹೆಂಗಸರ ಜೊತೆ ಹರಟೆ.

ಅವಳ ಅಕ್ಕ ಇದನ್ನು ಮೊದಲ ಸಲ ನೋಡಿದಾಗ ಬೀದಿಗೇ ಕೇಳುವಂತೆ, "ಲೇ, ತಲೆ ನೆರೆತ ಮೇಲೆ ಬಸುರಿ ಹಾಗೆ ಹೊಟ್ಟೆ ಹಿಡ್ಕೊಂಡು ಓಡಾಡ್ತೀಯಲ್ಲ, ಎಷ್ಟು ತಿಂಗಳು?" ಎಂದು ಕೇಳಿದಳು.

"ಇನ್ನೇನು ಅರ್ಧ ಗಂಟೆ ಅಕ್ಕ" ಎಂದಳು ಇವಳು, ಮುಖದ ಗೆರೆ ಕದಲದೆ.

ಕಾವು ಕೊಟ್ಟಾದ ಮೇಲೆ ಒಳಗೆಲ್ಲ ಕಪ್ಪು ಬಳಿದ ಒಂದು ಡಬ್ಬಿಯೊಳಗೆ ಸೀಸೆ ಇಟ್ಟು, ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದು, ಡಬ್ಬಿಯ ತೂತಿಗೆ ಕಣ್ಣಿಟ್ಟು ನೋಡಬೇಕು. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಅಷ್ಟು ಹೊತ್ತು ಜನ ಅವಳ ಬಟ್ಟೆ ಹೊದ್ದ ತಲೆಯನ್ನೇ ನೋಡುತ್ತ ಉಸಿರು ಬಿಗಿಹಿಡಿದು ನಿಂತಿರುತ್ತಿದ್ದರು. ಮಿನುಗಿದ ಸೀಸೆಯನ್ನು ನಾನೂ ಒಮ್ಮೆ ನೋಡಿದ್ದೇನೆ. ನೀಲಿಯೂ ಅಲ್ಲದ ಹಸಿರೂ ಅಲ್ಲದ ಬೆಳಕು, ಮಿಣುಕುಹುಳವನ್ನು ಹಾಲಿನಲ್ಲಿ ಕದಡಿದ ಹಾಗೆ. ಆ ಬೆಳಕಿನಿಂದಲೇ ಅವಳಿಗೆ ಮಿಣುಕಕ್ಕ ಎಂಬ ಹೆಸರು ಅಂಟಿದ್ದು. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಬಿಟ್ಟರೆ ಮತ್ತೆಂದೂ ಹೊರಗೆ ಬರುತ್ತಿರಲಿಲ್ಲ.

ಬಳಸಿದ ಸೀಸೆಗಳನ್ನು ಎಲ್ಲೂ ಚೆಲ್ಲುವ ಹಾಗಿಲ್ಲ. ತಿದ್ದಿದ ಜೀವ ಚರಂಡಿ ಸೇರಬಾರದು ಎಂದು ಮೇಡಂ ಖಡಾಖಂಡಿತವಾಗಿ ಹೇಳಿದ್ದರು. ಮುಚ್ಚಳ ತೆಗೆಯದೆ ಮನೆಗೆ ತಂದು, ಮರುದಿನ ಬೆಳಗ್ಗೆ ಅದಕ್ಕೆಂದೇ ಇಟ್ಟ ಕುಕ್ಕರಿನಲ್ಲಿ ಬೇಯಿಸಿಬಿಡುತ್ತಿದ್ದಳು. ಅವಳ ಮನೆಗೆ ಊಟಕ್ಕೆ ಹೋದವರೆಲ್ಲ, "ಅಕ್ಕಾ, ಅನ್ನ ಯಾವ ಕುಕ್ಕರಿನದು?" ಎಂದು ಕೇಳಿಯೇ ಕೂರುತ್ತಿದ್ದರು. "ತಿಂದು ನೋಡಿ. ಮಿನುಗಿದ್ರೆ ತಿಳೀತದೆ" ಎನ್ನುತ್ತಿದ್ದಳು.

ಇನ್ನು ಎರಡನೆಯ ಸೀಸೆಯ ವಿಚಾರ. ಪ್ರತಿ ಬಾವಿಗೂ ಮೇಡಂ ಜೋಡಿ ಸೀಸೆ ಕೊಡುತ್ತಿದ್ದರು. ನೀಲಿ ಮುಚ್ಚಳದ್ದು ಲೋಹ ಕಂಡರೆ ಮಿನುಗುವಂಥದು. ಬಿಳಿ ಮುಚ್ಚಳದ್ದು ಯಾವ ನೀರಿಗೂ ಸದಾ ಮಿನುಗುತ್ತಲೇ ಇರುವಂಥದು. ಅದಕ್ಕೂ ಅದೇ ಬಾವಿಯ ನೀರು ಹಾಕಿ ಪಕ್ಕದಲ್ಲಿಟ್ಟು ನೋಡಬೇಕು. "ಇದು ಸಾಕ್ಷಿ. ಎರಡನ್ನೂ ನೋಡದೆ ಏನೂ ಹೇಳಬೇಡಿ" ಎಂದು ಮೇಡಂ ಮೊದಲ ದಿನವೇ ಹೇಳಿದ್ದರು. ಇವಳೂ ಹಾಗೇ ಮಾಡುತ್ತಿದ್ದಳು. ಅದು ಸಂತೆ ಬೀದಿಯ ಬಾವಿಯ ದಿನದವರೆಗೆ.

ಅಲ್ಲಿ ತರಕಾರಿ ಮಾರುವ ಒಬ್ಬಾಕೆ, "ನಾನೂ ನೋಡ್ತೀನಿ, ನನಗೂ ತೋರ್ಸು" ಎಂದು ಗಂಟುಬಿದ್ದಳು. ಮಿಣುಕಕ್ಕ ಬಟ್ಟೆಯನ್ನು ಅವಳ ತಲೆಗೆ ಹೊದಿಸಿ ಡಬ್ಬಿ ಕೊಟ್ಟಳು. ಒಳಗೆ ನೀಲಿ ಮುಚ್ಚಳದ್ದು ಕಪ್ಪಗೆ ಸುಮ್ಮನಿತ್ತು, ಬಿಳಿಯದು ತನ್ನ ಪಾಡಿಗೆ ಮಿನುಗುತ್ತಿತ್ತು. ಆಕೆ ನೋಡಿದ್ದು ಮಿನುಗುವುದನ್ನು ಮಾತ್ರ. "ಅಯ್ಯೋ ವಿಷ! ಹೊಳೀತಾ ಇದೆ!" ಎಂದು ಬಟ್ಟೆ ಕಿತ್ತೆಸೆದು ಕೂಗಿದಳು. ಅಷ್ಟೇ. ಇಡೀ ಸಂತೆ ಎದ್ದಿತು. ಯಾರೋ ಕೊಡ ಉರುಳಿಸಿದರು. ಬೆಳಗ್ಗೆ ಅದೇ ನೀರಿನಲ್ಲಿ ಸೊಪ್ಪು ತೊಳೆದವಳನ್ನು ಯಾರೋ ಬೈದರು, ಅವಳು ತಿರುಗಿ ಅವರ ವಂಶವನ್ನೇ ಜಾಲಾಡಿದಳು. ಆ ದಿನ ಆ ಬೀದಿಯಲ್ಲಿ ಒಂದು ಕಟ್ಟು ಸೊಪ್ಪೂ ಮಾರಾಟವಾಗಲಿಲ್ಲ. "ಅದು ಸಾಕ್ಷಿ ಸೀಸೆ, ಅದು ಯಾವಾಗ್ಲೂ ಹಾಗೇ" ಎಂದು ಮಿಣುಕಕ್ಕ ಗಂಟಲು ಹರಿಯುವಂತೆ ಹೇಳಿದರೂ, "ಯಾವಾಗ್ಲೂ ಹೊಳೆಯೋದಾದ್ರೆ ಅದನ್ಯಾಕೆ ತಂದೆ?" ಎಂದರು ಜನ.

ಅಂದಿನಿಂದ ಅವಳು ಒಂದು ದಾರಿ ಹುಡುಕಿಕೊಂಡಳು. ಬಿಳಿ ಮುಚ್ಚಳದ ಸೀಸೆಗೆ ಬೆಳಗ್ಗೆ ಮನೆಯಲ್ಲೇ ಮನೆಯ ಕುಡಿಯುವ ನೀರು ಹಾಕಿ ನೋಡುವುದು. ಮಿನುಗಿತೋ, ಲ್ಯಾಬಿನಿಂದ ಬಂದ ಸರಕು ಜೀವಂತವಾಗಿದೆ ಎಂದಾಯಿತು. ಆಮೇಲೆ ನೀಲಿಯದನ್ನು ಮಾತ್ರ ಸೊಂಟಕ್ಕೆ ಕಟ್ಟಿಕೊಂಡು ಹೊರಡುವುದು. ಜನರಿಗೆ ಗಾಬರಿಯಿಲ್ಲ, ಕೆಲಸಕ್ಕೆ ಕುಂದಿಲ್ಲ. ಕೇಳಿದರೆ ಬುದ್ಧಿವಂತಿಕೆಯೇ ಅನ್ನಿಸುತ್ತದೆ. ನನ್ನ ಹತ್ತಿರ ಹೇಳಿದಾಗ ನಾನೂ ತಲೆಯಾಡಿಸಿದೆ. ಮೇಡಂ ಹತ್ತಿರ ಮಾತ್ರ ಹೇಳಲಿಲ್ಲ. ಅಷ್ಟು ಗಡಿಬಿಡಿಯ ಹೆಂಗಸಿಗೆ ಇದನ್ನೆಲ್ಲ ಯಾಕೆ ಹೇಳುವುದು ಎಂದುಕೊಂಡಳು.

ಅವಳ ಮಾತಿಗೆ ಊರಿನಲ್ಲಿ ತೂಕ ಬಂದಿತ್ತು. ಮಿಣುಕಕ್ಕ "ಕುಡೀರಿ" ಎಂದರೆ ಕುಡಿಯುತ್ತಿದ್ದರು, "ಬೇಡ" ಎಂದರೆ ಕೊಡ ತಿರುಗಿಸಿಕೊಂಡು ಹೋಗುತ್ತಿದ್ದರು. ಕಚೇರಿಯ ಮುದ್ರೆಯ ಕಾಗದಕ್ಕಿಂತ ಅವಳ ಒಂದು ಮಾತು ಮುಂಚೆ ಮನೆ ಮನೆ ಮುಟ್ಟುತ್ತಿತ್ತು. ಗಂಟೆ ಕೇಳುತ್ತ ಕೂತ ಅಜ್ಜಿಯಿಂದ ಅವಳಿಗೆ ಬಂದ ಆಸ್ತಿ ಎಂದರೆ ಅದೊಂದೇ. ಅವಳಿಗೂ ಅದು ಗೊತ್ತಿತ್ತು.

ಅಕ್ಕನ ಮನೆಯಿದ್ದದ್ದು ಇಳಿಜಾರಿನ ಓಣಿಯಲ್ಲಿ. ಬಾಗಿಲೆದುರಿಗೇ ಮುತ್ತಜ್ಜ ತೋಡಿದ ಒಂದು ಬಾವಿ. ಬಹಳ ಕಾಲದಿಂದ ಕಸ ತುಂಬಿ ಪಾಳು ಬಿದ್ದಿತ್ತು. ಓಣಿಯ ನಲ್ಲಿ ಇಳಿಜಾರಿನ ಕೆಳತುದಿಯಲ್ಲಿ. ಅಕ್ಕನ ಮಂಡಿ ಕೆಟ್ಟು, ತುಂಬಿದ ಬಿಂದಿಗೆ ಹೊತ್ತು ಏರು ಹತ್ತುವಾಗ ಪ್ರತಿ ಮನೆಯ ಜಗಲಿಯ ಮೇಲೂ ಕೂತು ಏಳುತ್ತಿದ್ದಳು. ಓಣಿಯವರೆಲ್ಲ ಸೇರಿ ಬಾವಿಯ ಹೂಳು ತೆಗೆಸಿದರು. ಹೊಸ ಗಡಗಡೆ, ಹೊಸ ಹಗ್ಗ. ನೀರು ಬಂತು. ತಣ್ಣಗೆ, ತಿಳಿಯಾಗಿ, ತಳದ ಕಲ್ಲು ಕಾಣುವಂಥ ನೀರು.

"ನೋಡು, ಎಂಥ ನೀರು!" ಎಂದು ಅಕ್ಕ ತಂಗಿಯನ್ನು ಎಳೆದುಕೊಂಡು ಹೋಗಿ ತೋರಿಸಿದಳು. "ಒಂದು ಸೊಳ್ಳೆ ಮರಿ ಕೂಡ ಇಲ್ಲ. ಅಷ್ಟು ಶುದ್ಧ!"

"ನೋಡೋಣ ತಾಳು."

"ಏನು ನೋಡೋದು? ನಮ್ಮ ಮುತ್ತಜ್ಜನ ಬಾವಿಗೆ ನೀನು ಸರ್ಟಿಫಿಕೇಟ್ ಕೊಡ್ತೀಯಾ?"

"ಕೊಡ್ಬೇಕಲ್ಲ ಅಕ್ಕ. ಸಂಬಳ ಕೊಡೋದು ಮುತ್ತಜ್ಜ ಅಲ್ವಲ್ಲ."

ಮಧ್ಯಾಹ್ನದ ಹೊತ್ತು. ಓಣಿಯವರೆಲ್ಲ ಸುತ್ತ ನಿಂತಿದ್ದರು. ಅಕ್ಕ ಜಗಲಿಯ ಮೇಲೆ ಮಂಡಿ ಒತ್ತಿಕೊಳ್ಳುತ್ತ ಕೂತಿದ್ದಳು. ಮಿಣುಕಕ್ಕ ಸೀಸೆ ತುಂಬಿ, ಸೊಂಟಕ್ಕೆ ಕಟ್ಟಿ, ಹರಟೆ ಹೊಡೆದು, ಕಪ್ಪು ಬಟ್ಟೆ ಹೊದ್ದು ನೋಡಿದಳು. ನೀಲಿ ಮುಚ್ಚಳದ ಸೀಸೆ ಕಪ್ಪಗೆ ಕೂತಿತ್ತು. ಎಳ್ಳಷ್ಟೂ ಮಿನುಗಿಲ್ಲ. ಸಾಮಾನ್ಯವಾಗಿ ಒಳ್ಳೆಯ ನೀರಿನಲ್ಲೂ ಅದು ಸ್ವಲ್ಪ ಕಂಡೂ ಕಾಣದ ಹಾಗೆ ಮಸುಕಾಗಿರುತ್ತದೆ, ಪೂರ್ತಿ ಕಪ್ಪಾಗುವುದು ಅಪರೂಪ. ಇದೇನು ಇಷ್ಟು ಕಪ್ಪು ಎಂದು ಒಂದು ಕ್ಷಣ ಅನ್ನಿಸಿತಂತೆ. ಆದರೆ ಬಟ್ಟೆಯಾಚೆ ಅಕ್ಕನ ಮಂಡಿಯಿತ್ತು. "ಬಹಳ ಒಳ್ಳೆ ನೀರು" ಎಂದುಕೊಂಡು ತಲೆ ಎತ್ತಿ, "ಕುಡೀರಿ" ಎಂದಳು.

ಅಕ್ಕ ಮೊದಲ ಬಿಂದಿಗೆ ತಾನೇ ಸೇದಿದಳು. ಎಷ್ಟೋ ಕಾಲದ ಮೇಲೆ ನೀರಿಗಾಗಿ ಯಾರ ಜಗಲಿಯ ಮೇಲೂ ಕೂರದೆ ಮನೆಯೊಳಗೆ ಹೋದಳು.

ಮರುದಿನ ಬೆಳಗ್ಗೆ ಮಿಣುಕಕ್ಕ ಎಂದಿನಂತೆ ಕುಕ್ಕರಿಗೆ ನೀರಿಟ್ಟು, ಹಿಂದಿನ ದಿನದ ಸೀಸೆಗಳನ್ನು ಒಂದೊಂದಾಗಿ ಎತ್ತಿದಳು. ಬ್ಯಾಕ್ಟೀರಿಯಾ ಒಂದು ರಾತ್ರಿ ತಿಂಡಿ ತಿಂದು ಬೆಳೆದರೆ ಸೀಸೆಯ ನೀರು ಅಕ್ಕಿ ತೊಳೆದ ನೀರಿನಂತೆ ಕದಡಿರುತ್ತದೆ. ಎಲ್ಲವೂ ಹಾಗೇ ಇದ್ದವು. ಇಳಿಜಾರಿನ ಓಣಿಯದು ಮಾತ್ರ ಹಾಗಿರಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದಳು. ಅದರೊಳಗಿಂದ ಎದುರು ಮನೆಯ ಹಂಚು ಕಾಣಿಸಿತು. ನಿನ್ನೆ ತುಂಬಿದಾಗ ಎಷ್ಟು ತಿಳಿಯಾಗಿತ್ತೋ ಅಷ್ಟೇ ತಿಳಿ.

ನಿನ್ನೆ ಬ್ಯಾಕ್ಟೀರಿಯಾ ಸುಮ್ಮನಿದ್ದದ್ದಲ್ಲ, ಸತ್ತಿದ್ದವು. ನೀರು ಹಾಕಿದ ಸ್ವಲ್ಪ ಹೊತ್ತಿಗೇ, ಮಿನುಗಲೂ ಪುರುಸೊತ್ತಿಲ್ಲದೆ ಸತ್ತಿದ್ದವು.

ಅವಳ ಪಕ್ಕದ ಮನೆಯೇ ನನ್ನದು, ನಾನು ಆಗ ಅಂಗಳದಲ್ಲಿ ಸೈಕಲ್ಲಿಗೆ ಎಣ್ಣೆ ಹಾಕುತ್ತಿದ್ದೆ. ಅವಳು ಬಾಗಿಲು ಹಾಕದೆ, ಒಲೆಯನ್ನೂ ಆರಿಸದೆ, ಸೀಸೆಯನ್ನು ಮುಷ್ಟಿಯಲ್ಲಿ ಹಿಡಿದು ಹೊರಗೆ ಬಂದಳು.

"ಮಾವ, ಗಂಟೆ ಕಟ್ಲೇ ಇಲ್ಲ ನಾನು" ಎಂದಳು.

"ಯಾವ ಗಂಟೆ?"

"ಅಜ್ಜಿ ಕೋಳಿಗೆ ಕಟ್ತಿದ್ದ ಗಂಟೆ. ಅದು ಮನೇಲಿ ಆಡಿದ್ರೆ ಸಾಕಾ? ಬಾವಿ ಒಳಗೆ ಆಡ್ಬೇಕಿತ್ತು. ಬಿಳಿ ಮುಚ್ಚಳದ್ದು ಅದಕ್ಕೇ ಇದ್ದದ್ದು. ಒಲೆ ಆರಿಸಿಬಿಡಿ." ಇಷ್ಟು ಹೇಳಿ ನನ್ನ ಸೈಕಲ್ಲನ್ನೇ ಹತ್ತಿ ಹೋಗಿಬಿಟ್ಟಳು. ಅವಳಿಗೆ ಸೈಕಲ್ ಬರುತ್ತದೆ ಎಂಬುದು ನನಗೆ ಅವತ್ತೇ ಗೊತ್ತಾದದ್ದು.

ನಾನು ಒಲೆ ಆರಿಸಿ, ಲ್ಯಾಬಿನ ಮೇಡಂಗೆ ಫೋನ್ ಮಾಡಿ, ನಡೆದುಕೊಂಡು ಓಣಿ ತಲುಪುವಷ್ಟರಲ್ಲಿ ಅವಳು ಗಡಗಡೆಯಿಂದ ಹಗ್ಗ ಬಿಚ್ಚಿ, ಸುರುಳಿ ಸುತ್ತಿ, ಅದರ ಮೇಲೆ ಕೂತಿದ್ದಳು. ಸುತ್ತ ಜನ.

"ನಿನ್ನೆ ಕುಡೀರಿ ಅಂದೋಳೂ ನೀನೇ, ಇವತ್ತು ಹಗ್ಗ ಕಿತ್ತೋಳೂ ನೀನೇ!" ಎಂದು ದರ್ಜಿಯೊಬ್ಬ ಟೇಪನ್ನು ಕುತ್ತಿಗೆಯಲ್ಲಿ ಜೋತುಬಿಟ್ಟುಕೊಂಡೇ ಕೂಗಾಡುತ್ತಿದ್ದ.

"ಇನ್ನೊಂದ್ಸಲ ನೋಡ್ಬೇಕು. ಅಲ್ಲೀವರೆಗೆ ಯಾರೂ ಸೇದೋ ಹಾಗಿಲ್ಲ. ಮನೇಲಿ ತುಂಬಿಟ್ಟಿದ್ದನ್ನ ಕುಡೀಬೇಡಿ, ಚೆಲ್ಲಿ."

"ಯಾಕೆ ಅಂತ ಹೇಳು!"

"ಗೊತ್ತಿಲ್ಲ. ಗೊತ್ತಾದ್ಮೇಲೆ ಸಂಜೆ ಹೇಳ್ತೀನಿ. ಗೊತ್ತಿಲ್ದೆ ನಿನ್ನೆ ಒಂದ್ಸಲ ಹೇಳಿದ್ದು ಸಾಕು."

ಅಕ್ಕ ಮನೆಯೊಳಗಿಂದ ಬಂದಳು. ರಾತ್ರಿಯಿಂದ ಹೊಟ್ಟೆ ತೊಳಸುತ್ತಿದೆ ಎಂದು ಮುಖವೇ ಹೇಳುತ್ತಿತ್ತು. ಆದರೂ ಬಾಯಿ ಸುಮ್ಮನಿರಬೇಕಲ್ಲ. "ನನ್ನ ಮಂಡಿ ಮೇಲೆ ಹಗೆ ಸಾಧಿಸ್ತಿದಾಳೆ ನೋಡಿ. ಚಿಕ್ಕಂದಿನಿಂದ ಹೀಗೇ. ಕೊಟ್ಟ ಹಾಗೆ ಮಾಡಿ ಕಸ್ಕೊಳ್ಳೋದು."

ತಂಗಿ ಬೇರೆ ದಿನವಾಗಿದ್ದರೆ ತಿರುಗಿ ಏನಾದರೂ ಹೇಳುತ್ತಿದ್ದಳು. ಅಂದು ಹಗ್ಗದ ಮೇಲಿಂದ ಎದ್ದು, ಅಕ್ಕನ ಬಿಂದಿಗೆಯನ್ನು ಚೆಲ್ಲಿ, ಇಳಿಜಾರಿನ ತುದಿಯ ನಲ್ಲಿಗೆ ಹೋಗಿ ತುಂಬಿ ತಂದು ಒಳಗಿಟ್ಟಳು. ದರ್ಜಿಯ ಮನೆಯದನ್ನೂ ತಂದಳು. ಎಷ್ಟು ಬಿಂದಿಗೆ ಹೊತ್ತಳೋ ಯಾರೂ ಎಣಿಸಲಿಲ್ಲ. ಅಷ್ಟರಲ್ಲಿ ನಾನು ಹಗ್ಗದ ಮೇಲೆ ಕೂತಿದ್ದೆ.

ಮೇಡಂ ಬಂದಾಗ ಮಿಣುಕಕ್ಕ ಎಲ್ಲವನ್ನೂ ಹೇಳಿದಳು. ಸಂತೆ ಬೀದಿಯ ಗದ್ದಲ, ಬಿಳಿ ಮುಚ್ಚಳದ ಸೀಸೆ ಮನೆಯಲ್ಲೇ ಉಳಿದದ್ದು, ಹಿಂದಿನ ದಿನದ ಅತಿಯಾದ ಕಪ್ಪು, ಒಂದನ್ನೂ ಬಿಡಲಿಲ್ಲ. ಮೇಡಂ ಬೈಯುತ್ತಾರೆ ಎಂದು ನಾನು ಕಾದೆ. ಅವರು ಕಣ್ಣು ಮುಚ್ಚಿ, ಹಣೆ ಉಜ್ಜಿಕೊಂಡು, "ಸಾಕ್ಷಿ ಯಾಕೆ ಬೇಕು ಅಂತ ನಾನು ನಿಮಗೆ ಬಿಡಿಸಿ ಹೇಳಲಿಲ್ಲ, ಅಲ್ವಾ? ಬೇಕು ಅಂತ ಮಾತ್ರ ಹೇಳಿದೆ" ಎಂದರು. ಆಮೇಲೆ ಇಬ್ಬರೂ ಕಟ್ಟೆಯ ಮೇಲೆ ಕೂತು ಕೆಲಸಕ್ಕೆ ತೊಡಗಿದರು.

ಈ ಸಲ ನೀಲಿ, ಬಿಳಿ ಎರಡಕ್ಕೂ ಬಾವಿಯ ನೀರು ಹಾಕಿದರು. ಆಮೇಲೆ ಬಾವಿಯ ನೀರಿಗೆ ಬಹುಪಾಲು ಒಳ್ಳೆಯ ನೀರು ಬೆರೆಸಿ ತೆಳ್ಳಗೆ ಮಾಡಿ, ಅದನ್ನು ಇನ್ನೊಂದು ಜೋಡಿಗೆ ಹಾಕಿದರು. ಅದನ್ನೂ ಇನ್ನಷ್ಟು ತೆಳ್ಳಗೆ ಮಾಡಿ ಮತ್ತೊಂದು ಜೋಡಿಗೆ. ವಿಷ ಬಹಳವಾಗಿದ್ದರೆ ಬ್ಯಾಕ್ಟೀರಿಯಾ ಬಾಯಿ ಬಿಡುವ ಮುಂಚೆ ಸಾಯುತ್ತವೆ. ತೆಳ್ಳಗಿದ್ದರೆ ಬದುಕಿದ್ದು ದೂರು ಹೇಳುತ್ತವೆ. ಮಿಣುಕಕ್ಕನ ಸೊಂಟದ ಪಟ್ಟಿಯ ಕಿಸೆಗಳೆಲ್ಲ ತುಂಬಿದವು. ಹರಟೆ ಹೊಡೆಯಲು ಅವತ್ತು ಯಾರೂ ಪಕ್ಕಕ್ಕೆ ಬರಲಿಲ್ಲ. ಕೈ ಎರಡನ್ನೂ ಹೊಟ್ಟೆಯ ಮೇಲೆ ಮಡಚಿಟ್ಟುಕೊಂಡು ಒಬ್ಬಳೇ ಕೂತಿದ್ದಳು.

ಬಟ್ಟೆ ಹೊದ್ದು ನೋಡಿದಾಗ ಮೊದಲ ಜೋಡಿಯಲ್ಲಿ ನೀಲಿಯದೂ ಕಪ್ಪು, ಸದಾ ಮಿನುಗಬೇಕಾದ ಬಿಳಿಯದೂ ಕಪ್ಪು. ತೆಳ್ಳಗೆ ಮಾಡಿದ ಜೋಡಿಗಳಲ್ಲಿ ಬಿಳಿಯದು ಮಿನುಗುತ್ತಿತ್ತು. ಅದರ ಪಕ್ಕದಲ್ಲಿ ನೀಲಿಯದು ಅದಕ್ಕಿಂತ ಜೋರಾಗಿ ಮಿನುಗುತ್ತಿತ್ತು. ಮೇಡಂ ನೋಡಿ ಡಬ್ಬಿಯನ್ನು ನನಗೆ ಕೊಟ್ಟರು. ನಾನು ಆ ಬೆಳಕನ್ನು ನೋಡಿದ್ದು ಆವಾಗಲೇ. ಚಂದದ ಬೆಳಕು. ಚಂದ ಎನ್ನಲು ಬಾಯಿ ಬರಲಿಲ್ಲ.

ಮುಂದೆ ನಡೆದದ್ದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಓಣಿಯ ಮೇಲ್ತುದಿಯಲ್ಲಿ ಬೋಲ್ಟು, ತಿರುಪುಗಳಿಗೆ ತುಕ್ಕು ಹಿಡಿಯದಂತೆ ಲೋಹದ ಲೇಪ ಹಾಕುವ ಒಂದು ಶೆಡ್ ಇತ್ತು. ಅದರ ತೊಳೆನೀರಿನ ಗುಂಡಿಯ ತಳ ಬಿರಿದು, ನೀರು ಮಣ್ಣೊಳಗೇ ಇಳಿದು ಬಾವಿ ಸೇರುತ್ತಿತ್ತು. ಶೆಡ್ಡಿನ ಯಜಮಾನನಿಗೂ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಗುಂಡಿಯನ್ನು ತಾನೇ ಒಡೆಸಿ ಹಾಕಿದ. ಲ್ಯಾಬಿನ ದೊಡ್ಡ ಯಂತ್ರ ಕೂಡ ಕ್ಯಾಡ್ಮಿಯಂ ಎಂದೇ ಹೇಳಿತು. ಅಕ್ಕನನ್ನೂ ಉಳಿದವರನ್ನೂ ಡಾಕ್ಟರು ನೋಡಿದರು. ಕುಡಿದದ್ದು ಒಂದೇ ದಿನವಾದ್ದರಿಂದ ಭಯವಿಲ್ಲ ಎಂದರು. ಬಾವಿಗೆ ಜಾಲರಿ ಬಿತ್ತು. ಕಚೇರಿಯವರು ಓಣಿಯ ನಡುವಿಗೆ ಇನ್ನೊಂದು ನಲ್ಲಿ ಎಳೆದರು. ಅದರ ಪೈಪು ಜೋಡಿಸಿದವನು ನಾನೇ, ಅದು ಇವತ್ತಿಗೂ ಒಂದು ಹನಿ ಸೋರುವುದಿಲ್ಲ. ಅಕ್ಕನಿಗೆ ಈಗ ಕೂತು ಏಳಲು ಒಂದೇ ಜಗಲಿ. ಅವಳ ಬಾಯಿ ಮಾತ್ರ ಮೊದಲಿನಂತೆಯೇ ಇದೆ.

ಮಿಣುಕಕ್ಕ ಈಗಲೂ ಬಾವಿಗಳನ್ನು ಸುತ್ತುತ್ತಾಳೆ. ಬಿಳಿ ಮುಚ್ಚಳದ ಸೀಸೆಗೆ ಗಂಟೆ ಸೀಸೆ ಎಂದು ಹೆಸರಿಟ್ಟಿದ್ದಾಳೆ. ಮೊದಲು ಅದನ್ನೇ ಜನರಿಗೆ ತೋರಿಸುತ್ತಾಳೆ, ನೀಲಿಯದನ್ನು ಆಮೇಲೆ. "ಇದು ಮಿನುಗ್ತಿದ್ರೆ ಗಂಟೆ ಆಡ್ತಿದೆ ಅಂತ ಅರ್ಥ. ಇದು ಆರಿದ್ರೆ ನನ್ನ ಮಾತೂ ಕೇಳ್ಬೇಡಿ, ಓಡಿ" ಎನ್ನುತ್ತಾಳೆ. ಸಂತೆ ಬೀದಿಯ ತರಕಾರಿಯವಳು ಈಗ ತಾನೇ ನಾಲ್ಕು ಜನಕ್ಕೆ ಅದನ್ನು ವಿವರಿಸುವಷ್ಟು ಪಳಗಿದ್ದಾಳೆ.

ಆದರೆ ಇವಳ ಕಥೆಯನ್ನು ಬರೆಯಬೇಕೆಂದು ನನಗೆ ಅನ್ನಿಸಿದ್ದು ಇದಾವುದರಿಂದಲೂ ಅಲ್ಲ, ಆ ದಿನ ಸಂಜೆ ಅಕ್ಕನ ಮನೆಯ ಒಳಕೋಣೆಯಲ್ಲಿ ಕೇಳಿದ ಮಾತಿನಿಂದ. ಹೊರಗೆ ಓಣಿಯವರೆಲ್ಲ ಸೇರಿದ್ದರು. ದರ್ಜಿಯ ದನಿ ಎಲ್ಲರಿಗಿಂತ ಮೇಲಿತ್ತು. "ಅವಳು ಮಿನುಗ್ತಾಳೋ ಇಲ್ವೋ ನೋಡೋಣ ಇವತ್ತು" ಎಂದು ಯಾರೋ ಅಂದರು. ನಗು ಕೇಳಿಸಿತು. ಒಳಗೆ ಮಿಣುಕಕ್ಕ ಸೊಂಟದ ಪಟ್ಟಿ ಬಿಚ್ಚಿ ಮಡಚುತ್ತಿದ್ದಳು. ಅಕ್ಕ ಅವಳ ಮುಂದೆ ಒಂದು ಲೋಟ ನಲ್ಲಿ ನೀರಿಟ್ಟು ಗೋಡೆಗೊರಗಿ ನಿಂತಳು.

ಮೇಡಂ ಹತ್ತಿರ ಬಂದು ದನಿ ತಗ್ಗಿಸಿ ಹೇಳಿದರು: "ನೀವು ಇಲ್ಲೇ ಕೂತಿರಿ. ನಾನು ಹೋಗಿ ಹೇಳ್ತೀನಿ. ಲ್ಯಾಬಿಂದ ಬಂದ ಸೀಸೆನೇ ಹಾಳಾಗಿತ್ತು, ಬ್ಯಾಕ್ಟೀರಿಯಾ ಸರಿ ಇರಲಿಲ್ಲ ಅಂತ. ನನ್ನನ್ನ ಯಾರೂ ಏನೂ ಅನ್ನಲ್ಲ. ಇಷ್ಟು ವರ್ಷದ ನಿಮ್ಮ ಮಾತು ಒಂದು ಸಂಜೇಲಿ ಹೋಗ್ಬಾರ್ದು."

ಮಿಣುಕಕ್ಕ ಪಟ್ಟಿಯನ್ನು ಅಕ್ಕನ ಕೈಗೆ ಕೊಟ್ಟಳು. ನೀರು ಕುಡಿದಳು. ಗಂಟಲು ಸರಿಮಾಡಿಕೊಂಡಳು.

"ಬೇಡ ಮೇಡಂ. ಅವು ಪಾಪ, ಸತ್ತು ಹೇಳಿದ್ವು. ನನಗೆ ಕೇಳ್ಲಿಲ್ಲ. ಈಗ ತಪ್ಪನ್ನೂ ಅವುಗಳ ತಲೆಗೇ ಕಟ್ಲಾ? ಕುಡೀರಿ ಅಂದಿದ್ದು ಈ ಬಾಯಿ, ಬೇಡ ಅನ್ನೋದಕ್ಕೂ ಇದೇ ಬಾಯಿ ಸಾಕು. ನನ್ನ ಜೊತೆ ಬರೋದೂ ಬೇಡ. ನೀವು ಬಂದ್ರೆ ಜನ ನಿಮ್ಮ ಮುಖ ನೋಡ್ತಾರೆ. ಇವತ್ತು ಅವರು ನನ್ನ ಮುಖ ನೋಡ್ಬೇಕು."